ಕಾರು ತಗ್ಗಿಸುವ ಮುಂಚೆ ಶಾಕ್ ನೋಡಿ

ಪ್ರಶ್ನೆ: ನಮ್ಮ ಮನೆ ಉಡುಪಿಯ ಅಂಬಲಪಾಡಿಯಲ್ಲಿ, ಕೆಲಸ ಮಂಗಳೂರಿನಲ್ಲಿ. ಎರಡನೇ ತಲೆಮಾರಿನ ಆಡಿ ಟಿಟಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. 2.0 ಪೆಟ್ರೋಲ್, 12 ವರ್ಷ ಹಳೆಯದು, 18 ಇಂಚಿನ ಚಕ್ರ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಇರುವ ಜಾಗ ನೋಡಿದರೆ ಬೇಜಾರಾಗುತ್ತದೆ. 40 ಮಿ.ಮೀ. ತಗ್ಗಿಸಬೇಕು ಅಂತ ಆಸೆ. ಒಂದು ಗ್ಯಾರೇಜಿನವರು ‘ಸ್ಪ್ರಿಂಗ್‌ನ ಒಂದು ಸುತ್ತು ಕಟ್ ಮಾಡಿದರೆ ಸಾಕು, ಶಾಕ್ ಅಬ್ಸಾರ್ಬರ್ ಹಳೆಯದೇ ನಡೀತದೆ’ ಎಂದರು. ಇನ್ನೊಬ್ಬರು ಕಾಯ್ಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್–ಶಾಕ್ ಜೋಡಿ) ಹಾಕಿ ಎಂದರು. ಭಾನುವಾರ ಬೆಳಿಗ್ಗೆ ಆಗುಂಬೆ ಕಡೆ ಹೋಗುವುದುಂಟು. ಎಷ್ಟು ತಗ್ಗಿಸಬಹುದು? ಯಾವ ಶಾಕ್ ಒಳ್ಳೆಯದು?

ಉತ್ತರ: ಕಟ್ ಮಾಡುವ ಮಾತನ್ನು ಮೊದಲೇ ಮುಗಿಸಿಬಿಡೋಣ. ಬೇಡ ಮಾರಾಯ್ರೆ. ಗ್ಯಾಸ್ ಕಟರ್ ಹಿಡಿದರೆ ಬೆಂಕಿ ತಾಗಿದ ಕಡೆ ಉಕ್ಕಿನ ಹದ ಹೋಗುತ್ತದೆ. ಗ್ರೈಂಡರ್‌ನಲ್ಲಿ ಕಟ್ ಮಾಡಿದರೆ ಹದ ಉಳಿದೀತು, ಆದರೆ ಬೇರೆ ತೊಂದರೆ ಶುರುವಾಗುತ್ತದೆ. ಸ್ಪ್ರಿಂಗ್‌ನಲ್ಲಿ ಕೆಲಸ ಮಾಡುವ ಸುತ್ತುಗಳು 6 ಇದ್ದರೆ, ಒಂದನ್ನು ತೆಗೆದಾಗ ಉಳಿದದ್ದು ಶೇ. 20ರಷ್ಟು ಗಟ್ಟಿಯಾಗುತ್ತದೆ. ಸ್ಪ್ರಿಂಗ್ ಗಿಡ್ಡ ಆಯಿತು, ಶಾಕ್ ಮಾತ್ರ ಮೊದಲಿನಷ್ಟೇ ಉದ್ದ. ಹಾಗಾಗಿ ಚಕ್ರ ಪೂರ್ತಿ ಕೆಳಗೆ ಜೋತಾಗ ಸ್ಪ್ರಿಂಗ್ ತಾನು ಕೂರುವ ಸೀಟಿನಲ್ಲಿ ಸಡಿಲವಾಗಿಬಿಡುತ್ತದೆ. ಅಂಥ ಕಾರನ್ನು ಲಿಫ್ಟಿಗೆ ಏರಿಸಿ ಹಿಂದಿನ ಸ್ಪ್ರಿಂಗ್ ಹಿಡಿದು ನೋಡಿ, ಕೈಯಲ್ಲೇ ತಿರುಗುತ್ತದೆ. ಕಟ್ ಮಾಡಿದ ಚೂಪು ತುದಿ ಕೆಳಗಿನ ರಬ್ಬರ್ ಪ್ಯಾಡನ್ನು ಕೊರೆದಿರುತ್ತದೆ. ಹೊಂಡಕ್ಕೆ ಇಳಿದ ಚಕ್ರ ಮೇಲೆ ಬರುವಾಗ ಆ ಸ್ಪ್ರಿಂಗ್ ತನ್ನ ಜಾಗದಲ್ಲೇ ಕೂತೀತು ಅಂತ ಯಾರೂ ಗ್ಯಾರಂಟಿ ಕೊಡಲಾರರು.

ನೀವು ಎತ್ತರದಿಂದ ಶುರು ಮಾಡಿದ್ದೀರಿ. ನಾನು ಶಾಕ್‌ನಿಂದ ಶುರು ಮಾಡುತ್ತೇನೆ. ಕಾರು ರಸ್ತೆಯನ್ನು ಎಷ್ಟು ಹಿಡಿಯುತ್ತದೆ, ಘಾಟಿಯಲ್ಲಿ ನಿಮಗೆಷ್ಟು ಧೈರ್ಯ ಕೊಡುತ್ತದೆ ಅನ್ನೋದು ಜಾಸ್ತಿ ಅದರ ಕೈಯಲ್ಲಿದೆ. ತಗ್ಗಿಸುವುದು ಮುಖ್ಯವಾಗಿ ಕಣ್ಣಿಗೆ. ಕಣ್ಣಿಗೂ ಬೇಕು, ತಪ್ಪೇನಿಲ್ಲ. ಚಂದದ ಕಾರು, ಚಂದ ಕಾಣಲಿ.

ನಿಮ್ಮ ಕಾರಿನಲ್ಲಿ ಈಗಿರುವ ಶಾಕ್ ಕಂಪನಿಯಿಂದ ಬಂದದ್ದೇ ಆದರೆ ಅದಕ್ಕೆ 12 ವರ್ಷ. ಮಡ್‌ಗಾರ್ಡ್ ಒತ್ತಿ ಬಿಟ್ಟು ನೋಡುವ ಹಳೆ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ಹಿಡಿಯುತ್ತದೆ, ಅರೆಜೀವದ್ದನ್ನು ಹಿಡಿಯುವುದಿಲ್ಲ. ಅದಕ್ಕಿಂತ ಟೈರಿನ ಮೇಲೆ ಅಂಗೈ ಇಟ್ಟು ಸುತ್ತಲೂ ಸವರಿ. ಅಲೆ ಅಲೆಯಾಗಿ ಸವೆದದ್ದು ಕೈಗೆ ಸಿಕ್ಕಿದರೆ ಚಕ್ರ ರಸ್ತೆ ಮೇಲೆ ಕುಣಿಯುತ್ತಿದೆ ಎಂದರ್ಥ. ಶಾಕ್‌ನ ಮೈ ಮೇಲೆ ತೆಳ್ಳಗೆ ಪಸೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಅದರ ಕತೆ ಮುಗಿದಿದೆ. ಹೇಗೂ ದಿನಾ ಹೈವೇ 66ರಲ್ಲಿ ಓಡಾಡುತ್ತೀರಿ. ಉದ್ಯಾವರದಲ್ಲೋ ಮೂಲ್ಕಿಯಲ್ಲೋ ಸೇತುವೆಯ ಜಾಯಿಂಟ್ ದಾಟುವಾಗ ಗಮನಿಸಿ. ಒಂದು ಸಲ ಎದ್ದು ಕೂತರೆ ಸರಿ. ಮತ್ತೆ ಮತ್ತೆ ತೂಗಿದರೆ ಶಾಕ್ ಹೋಗಿದೆ.

ತಗ್ಗು ಸ್ಪ್ರಿಂಗ್‌ಗಳನ್ನು ಗಟ್ಟಿಯಾಗಿಯೇ ಮಾಡುತ್ತಾರೆ. ಕಾರಣ ಸರಳ: ಕಾರು ಕೆಳಗೆ ಕೂತಷ್ಟೂ ಚಕ್ರ ಮೇಲೆ ಬರಲು ಜಾಗ ಕಡಿಮೆ. ಗಟ್ಟಿ ಸ್ಪ್ರಿಂಗ್ ಒತ್ತಿದರೆ ಜೋರಾಗಿ ವಾಪಸ್ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಹಿಡಿದು ನಿಲ್ಲಿಸುವುದು ಶಾಕ್‌ನ ಕೆಲಸ. ಲೆಕ್ಕ ಹೀಗಿದೆ: ಸ್ಪ್ರಿಂಗ್ ಗಟ್ಟಿಯಾದ ಪ್ರಮಾಣದ ವರ್ಗಮೂಲದಷ್ಟು ಶಾಕ್‌ನ ಹಿಡಿತ ಹೆಚ್ಚಬೇಕು. ಸ್ಪ್ರಿಂಗ್ ಶೇ. 30 ಗಟ್ಟಿಯಾದರೆ ಶಾಕ್‌ಗೆ ಸುಮಾರು ಶೇ. 14 ಹೆಚ್ಚಿನ ಹಿಡಿತ ಬೇಕು. ಹೊಸ ಕಂಪನಿ ಶಾಕ್ ಆಗಿದ್ದರೆ ಇದನ್ನು ಹೇಗೋ ನಿಭಾಯಿಸೀತು. ಮೊದಲಿನ ಹಿಡಿತವೇ ಉಳಿಯದ ಹಳೆಯ ಶಾಕ್‌ಗೆ ಸಾಧ್ಯವಿಲ್ಲ. ಆಗ ಕಾರು ಗಟ್ಟಿಯೂ ಹೌದು, ತೇಲುವುದೂ ಹೌದು. ಎರಡೂ ಕೆಟ್ಟ ಗುಣ ಒಟ್ಟಿಗೆ.

ಹಿಡಿತ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಶಾಕ್ ಎರಡು ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಚಕ್ರ ಮೇಲೆ ಬರುವಾಗ ಒತ್ತುವಿಕೆಯನ್ನು ತಡೆಯುತ್ತದೆ, ಕೆಳಗೆ ಹೋಗುವಾಗ ಸ್ಪ್ರಿಂಗ್ ಬಿಚ್ಚಿಕೊಳ್ಳುವುದನ್ನು ತಡೆಯುತ್ತದೆ. ಈ ಎರಡನೆಯದನ್ನು ತುಂಬಾ ಬಿಗಿ ಮಾಡಿಟ್ಟರೆ ಏನಾಗುತ್ತದೆ? ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆ ನೆನೆಸಿಕೊಳ್ಳಿ. ಹೊಂಡದ ಹಿಂದೆ ಹೊಂಡ. ಮೊದಲ ಹೊಂಡದಲ್ಲಿ ಒತ್ತಿಹೋದ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಎರಡನೆಯದು ಬಂತು. ಇನ್ನಷ್ಟು ಒತ್ತಿತು. ಮೂರನೆಯದಕ್ಕೆ ಕಾರು ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿಹೋಗದಂತೆ ಕೊನೆಯಲ್ಲಿ ತಡೆಯುವ ತುಂಡು) ಮೇಲೇ ಕೂತಿರುತ್ತದೆ. ಓಡುತ್ತಾ ಓಡುತ್ತಾ ಕಾರು ತಾನಾಗಿ ತಗ್ಗುತ್ತದೆ, ಮೊದಲೇ ತಗ್ಗಿಸಿದ ಕಾರಿನಲ್ಲಿ ಇನ್ನೂ ಬೇಗ. ಬಿಗಿ ಹೊಂದಿಸುವ ಗುಂಡಿ ಇರುವ ಶಾಕ್ ತಂದು ಅದನ್ನು ಕೊನೆತನಕ ತಿರುಗಿಸಿ, ‘ರೇಸ್ ಕಾರಿನ ಹಾಗೆ ಉಂಟು’ ಅಂತ ಖುಷಿಪಡುವವರ ಹಿಂದಿನ ಸೀಟಿನಲ್ಲಿ ಒಮ್ಮೆ ಕೂತು ನೋಡಿ. ಟಿಟಿಯ ಹಿಂದಿನ ಸೀಟು ಹೆಸರಿಗೆ ಮಾತ್ರ, ಆ ಮಾತು ಬೇರೆ.

ಎಷ್ಟು ತಗ್ಗಿಸಬಹುದು? ನನ್ನ ಲೆಕ್ಕದಲ್ಲಿ ನಿಮಗೆ 25 ಮಿ.ಮೀ. ಅದಕ್ಕಿಂತ ಕೆಳಗೆ ಬೇಡ.

ಇದನ್ನು ನನ್ನ ಮಾತಿಗೆ ಒಪ್ಪಬೇಡಿ, ನೀವೇ ಪರೀಕ್ಷೆ ಮಾಡಿ. ಖರ್ಚು ಬಹಳ ಇಲ್ಲ. ಅಂಗಡಿಯಿಂದ 25 ಮಿ.ಮೀ. ದಪ್ಪದ ಥರ್ಮೊಕೋಲ್ ಶೀಟ್ ತನ್ನಿ. ಕೈಯಗಲದ ತುಂಡುಗಳು ಸಾಕು. ಮುಂದಿನ ಬಂಪರಿನ ಕೆಳ ಅಂಚಿಗೆ, ಎರಡೂ ಬಾಗಿಲಿನ ಕೆಳಗಿನ ಸಿಲ್‌ಗೆ, ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಶೀಟಿಗೆ ಗಟ್ಟಿ ಟೇಪ್ ಹಾಕಿ ಅಂಟಿಸಿ. ಸೈಲೆನ್ಸರ್ ಪೈಪಿನ ಹತ್ತಿರ ಬೇಡ, ಬಿಸಿಗೆ ಕರಗುತ್ತದೆ. ಒಂದು ವಾರ ನಿಮ್ಮ ಮಾಮೂಲಿ ದಾರಿಯಲ್ಲೇ ಓಡಾಡಿ. ಭಾನುವಾರ ಬಗ್ಗಿ ನೋಡಿದರೆ ಯಾವ ತುಂಡು ಜಜ್ಜಿಹೋಗಿದೆ, ಯಾವುದು ಕಿತ್ತುಹೋಗಿದೆ, ಯಾವುದಕ್ಕೆ ಬರೀ ಗೀರು ಬಿದ್ದಿದೆ ಎಲ್ಲ ಕಾಣುತ್ತದೆ. ನಮ್ಮ ಕಡೆ ಹೆಚ್ಚಾಗಿ ಮೊದಲು ಹೋಗುವುದು ಬಂಪರಿನದ್ದು, ಅದೂ ರಸ್ತೆಯಲ್ಲಿ ಅಲ್ಲ, ಮನೆ ಗೇಟಿನಲ್ಲಿ. ದರೆ ಕಡಿದು ಮನೆ ಕಟ್ಟಿದ ಕಡೆ ರಸ್ತೆಯಿಂದ ಅಂಗಳಕ್ಕೆ ಇಳಿಯುವ ಕಾಂಕ್ರೀಟ್ ಇಳಿಜಾರು ಎಷ್ಟು ಕಡಿದು ಅಂತ ಹೇಳಬೇಕಾಗಿಲ್ಲವಲ್ಲ. ಅಲ್ಲಿ ಆ ತುಂಡು ಉಜ್ಜಿದರೆ 40 ಮಿ.ಮೀ. ಆಸೆಯನ್ನು ಗೇಟಿನ ಹೊರಗೇ ಬಿಡಿ.

ಹಂಪ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಲ್ಲೊಂದು ಸ್ವಾರಸ್ಯ ಉಂಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಗುಂಡಗಿನ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಟಿಟಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2,468 ಮಿ.ಮೀ. ಅಂದರೆ ನಾಲ್ಕೂ ಚಕ್ರ ಒಟ್ಟಿಗೆ ಹಂಪ್ ಮೇಲೆಯೇ ಇರುತ್ತವೆ. ಚಕ್ರಗಳ ನಡುವೆ ಹಂಪ್ ಉಬ್ಬಿ ಬರುವುದು ಬರೀ 45 ಮಿ.ಮೀ. ಎಷ್ಟು ತಗ್ಗಿಸಿದ ಕಾರೂ ಇದನ್ನು ನಿಧಾನಕ್ಕೆ ದಾಟುತ್ತದೆ. ತೊಂದರೆ ಇರುವುದು ಒಂದು ಮೀಟರ್ ಅಗಲಕ್ಕೆ ಡಾಂಬರು ಸುರಿದು ರಾತ್ರೋರಾತ್ರಿ ಎಬ್ಬಿಸಿದ ದಿಣ್ಣೆಯಲ್ಲಿ. ಅದು 15 ಸೆಂ.ಮೀ. ಎತ್ತರ ಇದ್ದರೆ ಅಷ್ಟೂ ಎತ್ತರ ಹೊಟ್ಟೆ ಕೆಳಗೆ ಬರುತ್ತದೆ. ನಿಮ್ಮ ಮನೆ–ಆಫೀಸು ದಾರಿಯಲ್ಲಿ ಇಂಥವು ಎಲ್ಲೆಲ್ಲಿವೆ ಅಂತ ನಿಮಗೇ ಗೊತ್ತು.

ಆಗುಂಬೆಯ ಮಾತು ಬೇರೆ. 14 ಹೇರ್‌ಪಿನ್ ತಿರುವು, ಕಿರಿದಾದ ರಸ್ತೆ. ಯಾವ ಹೇರ್‌ಪಿನ್ ಆದರೂ ಒಳಬದಿ ಹೊರಬದಿಗಿಂತ ಕಡಿದಾಗಿರುತ್ತದೆ, ಯಾಕೆಂದರೆ ಅಷ್ಟೇ ಎತ್ತರವನ್ನು ಕಡಿಮೆ ದೂರದಲ್ಲಿ ಹತ್ತಬೇಕು. ಮೇಲಿನಿಂದ ಬಸ್ಸು ಬಂದು ನೀವು ಒಳಬದಿಗೆ ಸರಿದಿರೋ, ತಗ್ಗು ಕಾರಿನ ಬಂಪರಿನ ಮೂಲೆ ಅಲ್ಲೇ ತಾಗುವುದು.

25ರ ಗೆರೆ ಎಳೆಯಲು ಇನ್ನೊಂದು ಕಾರಣ ಇದೆ, ಇದು ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಕಾರಿನ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ. ತಿರುವಿನಲ್ಲಿ ಕಾರು ಒಂದು ಬಿಂದುವಿನ ಸುತ್ತ ವಾಲುತ್ತದೆ. ಆ ಬಿಂದು ಎಲ್ಲಿರಬೇಕು ಅಂತ ತೀರ್ಮಾನಿಸುವುದರಲ್ಲಿ ಚಕ್ರವನ್ನು ಕಾರಿನ ಮೈಗೆ ಕೆಳಗಡೆ ಜೋಡಿಸುವ ಲೋವರ್ ಆರ್ಮ್‌ನ ಕೋನಕ್ಕೆ ದೊಡ್ಡ ಪಾಲು. ಕಾರು ತಗ್ಗಿದಾಗ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲೇಳುತ್ತದೆ. ಕಾರಿನ ಮೈ ಎಷ್ಟು ಇಳಿಯುತ್ತದೋ ಅದಕ್ಕಿಂತ ಜಾಸ್ತಿ ಆ ಬಿಂದು ಇಳಿಯುತ್ತದೆ. ಅಂದರೆ ಭಾರಕ್ಕೂ ವಾಲುವ ಬಿಂದುವಿಗೂ ನಡುವಿನ ಅಂತರ ದೊಡ್ಡದಾಗುತ್ತದೆ, ಕಾರನ್ನು ವಾಲಿಸುವ ಬಲ ಹೆಚ್ಚುತ್ತದೆ. ತಗ್ಗಿಸಿದರೆ ವಾಲುವುದು ಕಡಿಮೆ ಆಗಬೇಕಲ್ವಾ? ಸ್ವಲ್ಪ ತಗ್ಗಿಸಿ ಸ್ಪ್ರಿಂಗ್ ಗಟ್ಟಿ ಮಾಡಿದರೆ ಕಡಿಮೆಯಾಗುತ್ತದೆ. ಅತಿಯಾಗಿ ತಗ್ಗಿಸಿದರೆ ಆ ಗಟ್ಟಿತನದ ಒಂದು ಪಾಲು ಈ ನಷ್ಟ ತುಂಬುವುದಕ್ಕೇ ಹೋಗುತ್ತದೆ. ಜೊತೆಗೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಕೋನವೂ ಕೆಡುತ್ತದೆ, ಹೊಂಡ ಹಾರಿದಾಗ ಸ್ಟೀರಿಂಗ್ ತಾನಾಗಿ ಎಳೆಯಲು ಶುರು ಮಾಡುತ್ತದೆ. ಪರೀಕ್ಷೆ ಸುಲಭ. ಸಮನೆಲದಲ್ಲಿ ಕಾರು ನಿಲ್ಲಿಸಿ, ಮುಂದಿನ ಚಕ್ರದ ಹಿಂದೆ ಟಾರ್ಚ್ ಬಿಟ್ಟು ಆರ್ಮ್ ನೋಡಿ. ಅದರ ಒಳತುದಿಯ ಬುಷ್‌ಗಿಂತ ಚಕ್ರದ ಕಡೆಯ ತುದಿಯ ಬಾಲ್ ಜಾಯಿಂಟ್ ಮೇಲೆ ಹೋಗಿದ್ದರೆ ಅತಿಯಾಯಿತು.

ಈಗ ಶಾಕ್ ಆಯ್ಕೆ. ಅದಕ್ಕೂ ಮುಂಚೆ ಒಂದು ಕೆಲಸ: ಗೇರ್ ಲಿವರ್ ಹತ್ತಿರ ಶಾಕ್‌ನ ಚಿತ್ರ ಇರುವ ಸ್ವಿಚ್ ಇದೆಯಾ ನೋಡಿ. ಇದ್ದರೆ ನಿಮ್ಮದು ಮ್ಯಾಗ್ನೆಟಿಕ್ ರೈಡ್. ಅದರ ಎಣ್ಣೆಯಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳಿರುತ್ತವೆ, ಕರೆಂಟು ಕೊಟ್ಟಾಗ ಕ್ಷಣದಲ್ಲಿ ಎಣ್ಣೆ ದಪ್ಪವಾಗುತ್ತದೆ. ಒಳ್ಳೆಯ ವ್ಯವಸ್ಥೆ, ಆದರೆ ಶಾಕ್ ವಿಪರೀತ ದುಬಾರಿ. ತೆಗೆದು ಮಾಮೂಲಿ ಶಾಕ್ ಹಾಕಿದರೆ ಮೀಟರಿನಲ್ಲಿ ಲೈಟ್ ಬರುತ್ತದೆ, ಕಂಪ್ಯೂಟರ್ ಹಾಕಿ ಕೋಡಿಂಗ್ ಬದಲಿಸಬೇಕಾಗುತ್ತದೆ. ಸ್ವಿಚ್ ಇಲ್ಲದಿದ್ದರೆ ಕೆಲಸ ಸಲೀಸು.

ಶಾಕ್ ತಯಾರಿಸುವ ಬಿಲ್‌ಸ್ಟೈನ್‌ನಲ್ಲಿ ಬಿ4 ಅಂದರೆ ಕಾರಿನ ಜೊತೆ ಬಂದದ್ದಕ್ಕೆ ಬದಲಿ. ಬಿ6 ಅಂದರೆ ಕಂಪನಿ ಎತ್ತರಕ್ಕೆ, ಆದರೆ ಹೆಚ್ಚಿನ ಹಿಡಿತದ್ದು. ಬಿ8 ಅಂದರೆ ತಗ್ಗಿಸಿದ ಸ್ಪ್ರಿಂಗ್‌ಗೆಂದೇ ಗಿಡ್ಡ ಮಾಡಿದ್ದು. ಈ ಗಿಡ್ಡ ಅನ್ನೋದು ಮುಖ್ಯ. ಉದ್ದದ ಶಾಕ್‌ಗೆ ತಗ್ಗು ಸ್ಪ್ರಿಂಗ್ ಹಾಕಿದರೆ ಒಳಗಿನ ಪಿಸ್ಟನ್ ತನ್ನ ಜಾಗ ಬಿಟ್ಟು ಕೆಳಗೆ ಕೂರುತ್ತದೆ, ಬಂಪ್ ಸ್ಟಾಪ್‌ಗೆ ಬೇಗ ತಾಗುತ್ತದೆ. ಬಿ6, ಬಿ8 ಎರಡೂ ಒಂಟಿ ಕೊಳವೆಯವು, ಹೆಚ್ಚಿನ ಒತ್ತಡದ ಗ್ಯಾಸ್ ತುಂಬಿದವು. ಘಾಟಿಯಲ್ಲಿ ಸತತವಾಗಿ ಓಡಿದರೂ ಎಣ್ಣೆ ನೊರೆಯಾಗುವುದಿಲ್ಲ. ಒಂದೇ ಎಚ್ಚರ: ಒಂಟಿ ಕೊಳವೆಯ ಶಾಕ್‌ಗೆ ಕಲ್ಲು ಬಡಿದು ಹೊರಮೈ ನೆಗ್ಗಿದರೆ ಒಳಗೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಜೋಡಿ ಕೊಳವೆಯದ್ದು ಆ ಪೆಟ್ಟನ್ನು ತಡೆದುಕೊಳ್ಳುತ್ತದೆ. ಕೋನಿ ಕಂಪನಿಯ ಹಳದಿ ಸ್ಪೋರ್ಟ್ ಶಾಕ್‌ನಲ್ಲಿ ಸ್ಪ್ರಿಂಗ್ ಬಿಚ್ಚಿಕೊಳ್ಳುವ ಕಡೆಯ ಬಿಗಿಯನ್ನು ಮಾತ್ರ ಹೊಂದಿಸಬಹುದು. ಅದೇ ಕಂಪನಿಯ ಸ್ಪೆಷಲ್ ಆ್ಯಕ್ಟಿವ್ ಸಣ್ಣ ಸಣ್ಣ ಅದುರುವಿಕೆಗೆ ಮೆತ್ತಗಾಗಿ, ದೊಡ್ಡ ವಾಲುವಿಕೆಗೆ ಬಿಗಿಯಾಗುತ್ತದೆ.

ನಿಮಗೆ ನನ್ನ ಆಯ್ಕೆ: ಐಬಾಖ್ ಪ್ರೋ-ಕಿಟ್‌ನಂಥ ಹದವಾಗಿ ತಗ್ಗಿಸುವ ಸ್ಪ್ರಿಂಗ್, ಜೊತೆಗೆ ಬಿ8. ಎರಡನ್ನೂ ಸೇರಿಸಿ ಬಿ12 ಅನ್ನುವ ಹೆಸರಿನಲ್ಲಿ ಒಂದೇ ಕಿಟ್ ಆಗಿಯೂ ಬರುತ್ತದೆ, ಸ್ಪ್ರಿಂಗ್‌ಗೂ ಶಾಕ್‌ಗೂ ಹೊಂದಾಣಿಕೆ ಅವರೇ ನೋಡಿರುತ್ತಾರೆ. ಥರ್ಮೊಕೋಲ್ ಪರೀಕ್ಷೆಯಲ್ಲಿ ಫೇಲಾದರೆ ಎತ್ತರ ಮುಟ್ಟಬೇಡಿ, ಬಿ6 ಹಾಕಿ. ಕಣ್ಣಿಗೆ ಏನೂ ಬದಲಾಗುವುದಿಲ್ಲ, ಆದರೆ ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ಕಾರೇ ಬೇರೆ ಅನ್ನಿಸುತ್ತದೆ. ಆರ್ಡರ್ ಮಾಡುವ ಮುಂಚೆ ಸ್ಟ್ರಟ್‌ನ ವ್ಯಾಸ ಅಳೆಯಿರಿ. ಇದೇ ಪ್ಲ್ಯಾಟ್‌ಫಾರ್ಮ್‌ನ ಬೇರೆ ಕಾರುಗಳಿಗೆ 50 ಮಿ.ಮೀ. ಸ್ಟ್ರಟ್ ಕೂಡ ಉಂಟು, 55ರದ್ದೂ ಉಂಟು. ತಪ್ಪು ಬಂದರೆ ಕೂರುವುದೇ ಇಲ್ಲ, ಹೊರದೇಶದ ಸಾಮಾನು ವಾಪಸ್ ಕಳಿಸುವುದು ದೊಡ್ಡ ತಲೆನೋವು.

ಕಾಯ್ಲೋವರ್ ಬೇಡ ಅಂತ ನಾನು ಹೇಳುವುದಕ್ಕೆ ಕಾರಣ ಅದರ ಗುಣಮಟ್ಟ ಅಲ್ಲ, ನಮ್ಮ ಗಾಳಿ. ಕಾಯ್ಲೋವರ್‌ನಲ್ಲಿ ಎತ್ತರ ಹೊಂದಿಸುವುದು ಶಾಕ್‌ನ ಮೈ ಮೇಲಿನ ಮರೆ (ತಿರುಪಿನ ಥ್ರೆಡ್) ಮತ್ತು ರಿಂಗ್‌ನಿಂದ. ಮಳೆಗಾಲದಲ್ಲಿ ಚಕ್ರ ಎರಚುವ ಕೆಂಪು ಕೆಸರು ಆ ಮರೆಯ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಮಲ್ಪೆ, ಪಣಂಬೂರು, ಉಳ್ಳಾಲ ಕಡೆಯ ಉಪ್ಪುಗಾಳಿ ಅದರ ಮೇಲೆ ಕೂರುತ್ತದೆ. ಎರಡು ಮಳೆಗಾಲ ಕೈಯಾಡಿಸದೆ ಬಿಟ್ಟರೆ ರಿಂಗ್ ಕಚ್ಚಿಕೊಂಡು, ಸ್ಪ್ಯಾನರ್ ಹಾಕಿ ಬಡಿದರೂ ಅಲುಗದ ಹಾಗಾಗುತ್ತದೆ. ಎತ್ತರ ಬದಲಿಸಲಿಕ್ಕೆಂದೇ ಜಾಸ್ತಿ ದುಡ್ಡು ಕೊಟ್ಟದ್ದು, ಈಗ ಅದೇ ಆಗದು. ಹಾಕಲೇಬೇಕು ಅಂತಿದ್ದರೆ ಕೆಡಬ್ಲ್ಯೂ ಕಂಪನಿಯ ಸ್ಟೇನ್‌ಲೆಸ್ ಸ್ಟೀಲ್ ಮೈಯಿನ ಇನಾಕ್ಸ್ ಸರಣಿ ನೋಡಿ. ಅದರಲ್ಲಿ ವಿ1ಕ್ಕೆ ಬಿಗಿ ಹೊಂದಿಸಲು ಬರುವುದಿಲ್ಲ, ವಿ2ಕ್ಕೆ ಒಂದು ದಿಕ್ಕು, ವಿ3ಕ್ಕೆ ಎರಡೂ ದಿಕ್ಕು. ದಿನಾ ಓಡಿಸುವ ಕಾರಿಗೆ ವಿ3 ಸುಮ್ನೆ ಖರ್ಚು. ಇನ್ನೊಂದು, ಎಷ್ಟೋ ಕಿಟ್‌ಗಳಲ್ಲಿ ಅತಿ ಎತ್ತರದ ಸೆಟ್ಟಿಂಗೇ ಕಂಪನಿ ಎತ್ತರಕ್ಕಿಂತ ತಗ್ಗು. ಕೊಳ್ಳುವ ಮುಂಚೆ ಆ ಅಂಕಿ ಕೇಳಿಕೊಳ್ಳಿ.

ಮಾಮೂಲಿ ಸ್ಪ್ರಿಂಗ್‌ಗೂ ಉಪ್ಪಿನ ಕಾಟ ತಪ್ಪಿದ್ದಲ್ಲ. ಕೆಳಗಿನ ಸುತ್ತು ಸೀಟಿಗೆ ತಾಗುವಲ್ಲಿ ಮರಳು ಸಿಕ್ಕಿ ಪೈಂಟ್ ಕಿತ್ತುಹೋಗುತ್ತದೆ. ತುಕ್ಕು ಅಲ್ಲಿಂದಲೇ. ಸ್ಪ್ರಿಂಗ್ ಮುರಿಯುವುದೂ ಹೆಚ್ಚಾಗಿ ಅಲ್ಲೇ. ಕಾರು ತೊಳೆಯುವಾಗ ಚಕ್ರದ ಒಳಗೆ ಪೈಪ್ ಹಿಡಿದು ಸಿಹಿನೀರು ಬಿಡಿ, ಅಷ್ಟು ಸಾಕು.

ಜೋಡಿಸುವ ದಿನ ಗ್ಯಾರೇಜಿನಲ್ಲಿ ನಿಂತು ಎರಡು ವಿಷಯ ನೋಡಿಕೊಳ್ಳಿ. ಒಂದು, ಪಿಸ್ಟನ್ ರಾಡ್ ತಿರುಗುತ್ತದೆ ಅಂತ ಅದರ ಹೊಳೆಯುವ ಭಾಗಕ್ಕೆ ಪ್ಲೈಯರ್ ಹಾಕಿ ಹಿಡಿಯಬಾರದು. ಉಗುರಿಗೆ ಸಿಗುವಷ್ಟು ಗೀರು ಬಿದ್ದರೂ ಅದು ಸೀಲನ್ನು ಹರಿದು ಎಣ್ಣೆ ಹೊರಗೆ ತರುತ್ತದೆ. ರಾಡ್‌ನ ತುದಿಯಲ್ಲಿ ಹಿಡಿಯಲಿಕ್ಕೆಂದೇ ಜಾಗ ಇರುತ್ತದೆ. ಎರಡು, ರಬ್ಬರ್ ಬುಷ್ ಇರುವ ಆರ್ಮ್‌ಗಳ ಬೋಲ್ಟನ್ನು ಕಾರು ಲಿಫ್ಟಿನಲ್ಲಿ ತೂಗಾಡುವಾಗ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಕಾರೂ ಸರಿಯಾದ ಎತ್ತರಕ್ಕೆ ಕೂರುವುದಿಲ್ಲ. ಚಕ್ರದ ಭಾರ ಬಿದ್ದ ಎತ್ತರದಲ್ಲೇ ಕೊನೆಯ ಬಿಗಿ. ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಕವರ್ ಎಲ್ಲ ಹೊಸದೇ ಹಾಕಿ. ಅವನ್ನು ಉಳಿಸಿ ಏನೂ ಲಾಭ ಇಲ್ಲ, ಮತ್ತೆ ಬಿಚ್ಚುವ ಕೂಲಿಯೇ ಜಾಸ್ತಿ.

ಹಿಂದಿನ ಶಾಕ್‌ನ ರಾಡ್‌ಗೆ, ಧೂಳಿನ ಕವರ್ ಎತ್ತಿ, ಒಂದು ಪ್ಲಾಸ್ಟಿಕ್ ಟೈ ಸುತ್ತಿಡಿ. ವಾರ ಬಿಟ್ಟು ನೋಡಿದರೆ ಶಾಕ್ ಎಲ್ಲಿವರೆಗೆ ಒತ್ತಿಹೋಗಿತ್ತು ಅಂತ ಅದು ನಿಂತ ಜಾಗ ಹೇಳುತ್ತದೆ. ಬಂಪ್ ಸ್ಟಾಪ್‌ಗೆ ದಿನಾ ಹೋಗಿ ಅಂಟುತ್ತಿದ್ದರೆ ನಿಮ್ಮ ರಸ್ತೆಗೆ ಆ ಎತ್ತರ ಸಾಲದು.

ಟೈರ್ ಬಗ್ಗೆ ಚುಟುಕಾಗಿ: 19 ಇಂಚಿಗೆ ಹೋಗಬೇಡಿ. 255/35 ಅಂದರೆ ಟೈರಿನ ಅಗಲ 255 ಮಿ.ಮೀ., ಪಕ್ಕೆ ಅದರ ಶೇ. 35, ಅಂದರೆ 89 ಮಿ.ಮೀ. ಮಾತ್ರ. ಈಗಿನದ್ದು 245/40 ಆಗಿದ್ದರೆ 98. ಅದೇ 17 ಇಂಚಿನ 245/45ರಲ್ಲಿ 110. ನೀರು ತುಂಬಿದ ಹೊಂಡದ ಆಳ ಯಾರಿಗೂ ಕಾಣುವುದಿಲ್ಲ, ರಿಮ್ ಉಳಿಸುವುದು ಆ ಪಕ್ಕೆಯೇ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ರೂಪದಿಂದ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಒಪ್ಪಿಗೆ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಸವೆದ ಶಾಕ್ ಬದಲಿಸುವುದು ರಿಪೇರಿ. ಎತ್ತರ ಇಳಿಸುವುದು ರಿಪೇರಿ ಅಲ್ಲ. ಹಾಗಾಗಿ ಕೈ ಹಾಕುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಕಿಟ್ ಜೊತೆ ಬರುವ ಜರ್ಮನಿಯ ತಪಾಸಣಾ ಸಂಸ್ಥೆ ಟಿಯುವಿಯ ಪ್ರಮಾಣಪತ್ರ ಚಂದ ಉಂಟು, ನಮ್ಮ ಕೌಂಟರಿನಲ್ಲಿ ಮಾತ್ರ ಅದಕ್ಕೆ ಬೆಲೆ ಇಲ್ಲ.

ಕೆಲಸವನ್ನು ಅಕ್ಟೋಬರ್ ಕೊನೆಗೆ ಇಟ್ಟುಕೊಳ್ಳಿ, ಮಳೆ ಹೋಗಿ ಹೊಂಡಗಳಿಗೆ ತೇಪೆ ಬಿದ್ದ ಮೇಲೆ. ಜೋಡಿಸಿದ ದಿನವೇ ಒಂದು ಅಲೈನ್‌ಮೆಂಟ್. ಸ್ಪ್ರಿಂಗ್ ಕೂತು ಇನ್ನೂ ಒಂದೆರಡು ಮಿ.ಮೀ. ಇಳಿಯುವುದುಂಟು, ಹಾಗಾಗಿ ಸುಮಾರು 1,000 ಕಿ.ಮೀ. ಆದ ಮೇಲೆ ಇನ್ನೊಂದು. ತಗ್ಗಿಸಿದಾಗ ಚಕ್ರದ ಮೇಲ್ಭಾಗ ಒಳಗೆ ವಾಲುತ್ತದೆ, ಈ ವಾಲುವ ಕೋನವೇ ಕ್ಯಾಂಬರ್. ಅದರಿಂದ ಟೈರಿನ ಒಳಮೈ ಸ್ವಲ್ಪ ಜಾಸ್ತಿ ಸವೆಯುತ್ತದೆ, ಆದರೆ ಟೈರನ್ನು ನಿಜವಾಗಿ ತಿನ್ನುವುದು ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೆಟ್ಟಾಗ. ಹಿಂದಿನ ಚಕ್ರಗಳ ಟೋ, ಕ್ಯಾಂಬರ್ ಎರಡನ್ನೂ ಈ ಕಾರಿನಲ್ಲಿ ಹೊಂದಿಸಲು ಬರುತ್ತದೆ. ‘ಹಿಂದಿನದ್ದು ಮಾಡ್ಲಿಕ್ಕೆ ಆಗುದಿಲ್ಲ’ ಅಂದರೆ ಬೇರೆ ಅಂಗಡಿ ನೋಡಿ. ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ಇಟ್ಟುಕೊಳ್ಳಿ. ಝೆನಾನ್ ಹೆಡ್‌ಲೈಟ್ ಇದ್ದರೆ ಅದರ ಎತ್ತರದ ಸೆನ್ಸರ್ ಸಸ್ಪೆನ್ಷನ್ ಆರ್ಮ್ ಮೇಲೆಯೇ ಇರುತ್ತದೆ. ಅದನ್ನೂ ಅದೇ ದಿನ ಕಂಪ್ಯೂಟರ್ ಹಾಕಿ ಮರುಹೊಂದಿಸಿ, ಇಲ್ಲದಿದ್ದರೆ ರಾತ್ರಿ ಬೆಳಕು ಬೀಳಬೇಕಾದಲ್ಲಿ ಬೀಳುವುದಿಲ್ಲ.